ಪರೀಕ್ಷೆಯೆಂಬ ಗುಮ್ಮ

ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಸಂಜೆ ದೀಪ ಹಚ್ಚಿದ ಬಳಿಕ ಅಜ್ಜಿಯ ಪಕ್ಕದಲ್ಲಿ ಕುಳಿತು ಒಗಟು ಕೇಳುವುದೆಂದರೆ ಅವಳಿಗೆ ಪಂಚಪ್ರಾಣ. ಒಗಟು ಬಿಡಿಸಲಾಗದಿದ್ದರೆ ಒಂದರ ಮೇಲೊಂದು ತಪ್ಪು ಉತ್ತರ ಹೇಳುತ್ತಾಳೆ. ಕೊನೆಗೆ “ಸೋತೆ, ನೀನೇ ಹೇಳು” ಎನ್ನುತ್ತಾಳೆ. ಉತ್ತರ ತಿಳಿದೊಡನೆ ಕೈತಟ್ಟಿ ನಕ್ಕು, “ಇನ್ನೊಂದು ಹಾಕು” ಎಂದು ಪೀಡಿಸುತ್ತಾಳೆ. ಅದೇ ಹುಡುಗಿ, ಶಾಲೆಯಲ್ಲಿ ಕಿರುಪರೀಕ್ಷೆಯಿರುವ ದಿನ ಬೆಳಗ್ಗೆ ಹೊಟ್ಟೆನೋವೆಂದು ಹಾಸಿಗೆ ಬಿಟ್ಟೇಳುವುದಿಲ್ಲ. ಹಿಂದಿನ ರಾತ್ರಿ ತಡವರಿಸದೆ ಒಪ್ಪಿಸಿದ ಏಳರ ಮಗ್ಗಿ, ಮರುದಿನ ಪ್ರಶ್ನೆಪತ್ರಿಕೆಯ ಮುಂದೆ ಕುಳಿತಾಗ ನಡುವೆಯೇ ತುಂಡಾಗಿಬಿಡುತ್ತದೆ. ಮನೆಯವರು ಮೊದಮೊದಲು ಇದು ಸೋಗೆಂದು ಗದರಿದರು. ಆಮೇಲೆ ಓಮದ ಕಷಾಯ ಕುಡಿಸಿದರು. ಕಡೆಗೆ ವೈದ್ಯರಿಗೂ ತೋರಿಸಿದರು. ಹೊಟ್ಟೆಯಲ್ಲಿ ರೋಗವೇನೂ ಇರಲಿಲ್ಲ.

ಒಗಟೂ ಒಂದು ಪರೀಕ್ಷೆಯೇ ಅಲ್ಲವೆ? ಅಲ್ಲಿಯೂ ಪ್ರಶ್ನೆಯುಂಟು, ಉತ್ತರವುಂಟು, ಗೆಲುವು ಸೋಲುಗಳುಂಟು. ಹೀಗಿದ್ದರೂ ಒಂದಕ್ಕೆ ಹಾತೊರೆಯುವ ಮಗು ಮತ್ತೊಂದಕ್ಕೆ ಹೆದರಿ ನಡುಗುವುದೇಕೆ? ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಒಗಟಿನಲ್ಲಿ ಸೋತವರಿಗೆ ಉತ್ತರ ದೊರೆಯುತ್ತದೆ. ಪರೀಕ್ಷೆಯಲ್ಲಿ ಸೋತವರಿಗೆ ದೊರೆಯುವುದು ಅಂಕ ಮಾತ್ರ, ಅದರ ಹಿಂದೆ ಬೈಗುಳ, ಹೋಲಿಕೆ, ಅವಮಾನ. ಮಗು ಅಂಜುವುದು ಪ್ರಶ್ನೆಗಲ್ಲ. ಪ್ರಶ್ನೆಯ ಬೆನ್ನಹಿಂದೆ ಬರುವ ಪರಿವಾರಕ್ಕೆ. ಈ ಪರಿವಾರವನ್ನು ಕಟ್ಟಿದವರು ನಾವು, ದೊಡ್ಡವರು. ಅದನ್ನು ಚದರಿಸಬೇಕಾದವರೂ ನಾವೇ. ಅದರಲ್ಲಿ ಹೆಚ್ಚಿನ ಪಾಲು ಈ ಪತ್ರಿಕೆಯನ್ನೋದುವ ತರುಣರಿಂದ ಆಗಬಲ್ಲುದೆಂದು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಆ ಹೊಟ್ಟೆನೋವಿನ ವಿಚಾರ. ಅದು ಸೋಗಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಆಗತಾನೆ ಬಳಕೆಗೆ ಬಂದಿದ್ದ ಎಕ್ಸ್ ಕಿರಣಗಳ ಸಹಾಯದಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದನು. ಬೆಕ್ಕು ನೆಮ್ಮದಿಯಾಗಿದ್ದಾಗ ಜಠರ ಅಲೆ‌ಅಲೆಯಾಗಿ ಆಡುತ್ತಿತ್ತು. ಬೆಕ್ಕು ಕಳವಳಗೊಂಡೊಡನೆ ಆ ಅಲೆಗಳು ನಿಂತುಹೋಗುತ್ತಿದ್ದುವು. ಈ ಜಾಡನ್ನೇ ಹಿಡಿದು ಅವನು ಭಯ, ಕೋಪಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತು ೧೯೧೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಭಯವಾದಾಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಎದೆಬಡಿತ ಹೆಚ್ಚುತ್ತದೆ, ಹೊಟ್ಟೆ ಕರುಳುಗಳಿಗೆ ಹರಿಯಬೇಕಾದ ರಕ್ತ ಕೈಕಾಲುಗಳ ಸ್ನಾಯುಗಳತ್ತ ತಿರುಗುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬರುತ್ತದೆ. ಹುಲಿಯೆದುರಾದಾಗ ಓಡಲೋ ಹೋರಾಡಲೋ ಬೇಕಾದ ಸಿದ್ಧತೆ ಇದು.

ಹುಲಿಗೂ ಪ್ರಶ್ನೆಪತ್ರಿಕೆಗೂ ಏನು ಸಂಬಂಧವೆಂದು ನೀವು ನಗಬಹುದು. ಆ ಗ್ರಂಥದಲ್ಲಿಯೇ ಇದಕ್ಕೆ ಉತ್ತರವಿದೆ. ಒಂಬತ್ತು ಮಂದಿ ವೈದ್ಯ ವಿದ್ಯಾರ್ಥಿಗಳ ಮೂತ್ರವನ್ನು ಪರೀಕ್ಷಿಸಿದರು. ಸಾಮಾನ್ಯ ದಿನಗಳಲ್ಲಿ ಯಾರಲ್ಲಿಯೂ ಸಕ್ಕರೆಯಿರಲಿಲ್ಲ. ಸುಲಭವಾದ ಪರೀಕ್ಷೆಯೊಂದರ ಬಳಿಕ ಒಬ್ಬನಲ್ಲಿ ಸಕ್ಕರೆ ಕಂಡಿತು. ಕಠಿಣವಾದ ಪರೀಕ್ಷೆಯೊಂದರ ಬಳಿಕ ನಾಲ್ವರಲ್ಲಿ ಕಂಡಿತು. ಕುರ್ಚಿಯ ಮೇಲೆ ಕುಳಿತು ಲೇಖನಿ ಓಡಿಸಿದವರ ದೇಹ, ಬೇಟೆಗಾರನಿಂದ ತಪ್ಪಿಸಿಕೊಂಡ ಪ್ರಾಣಿಯ ದೇಹದಂತೆ ವರ್ತಿಸಿತ್ತು. ಬೆಳೆದ ತರುಣರ ಪಾಡೇ ಹೀಗಿದ್ದರೆ ಎಂಟು ವರ್ಷದ ಮಗುವಿನ ಹೊಟ್ಟೆ ತೊಳಸುವುದರಲ್ಲಿ ಆಶ್ಚರ್ಯವೇನಿದೆ? ಎಳೆಯ ಮಕ್ಕಳನ್ನೂ ಪರೀಕ್ಷೆಯ ಅಂಜಿಕೆ ಕಾಡುತ್ತದೆಂಬುದನ್ನು ಯೇಲ್ ವಿಶ್ವವಿದ್ಯಾನಿಲಯದ ಸೇಮರ್ ಸ್ಯಾರಸನ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಗಳ ಮಕ್ಕಳನ್ನೇ ಪ್ರಶ್ನಿಸಿ ತಿಳಿದು, ೧೯೬೦ರಲ್ಲಿ ಗ್ರಂಥರೂಪವಾಗಿ ಹೊರತಂದರು.

ಇನ್ನು ಮರೆವಿನ ವಿಚಾರ. ಕಲಿತದ್ದು ಮರೆತುಹೋಯಿತೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ಹೋಗಿರುವುದಿಲ್ಲ. ಪರೀಕ್ಷೆ ಮುಗಿದು ಹೊರಗೆ ಬಂದೊಡನೆ ನೆನಪಾಗುವುದೇ ಇದಕ್ಕೆ ಸಾಕ್ಷಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಆಲನ್ ಬ್ಯಾಡ್ಲಿ, ಗ್ರಹಾಂ ಹಿಚ್ ಎಂಬುವರು ೧೯೭೪ರಲ್ಲಿ ಕಾರ್ಯಸ್ಮೃತಿಯೆಂಬ ಕಲ್ಪನೆಯನ್ನು ಮುಂದಿಟ್ಟರು. ಆ ಕ್ಷಣಕ್ಕೆ ಬೇಕಾದ ಸಂಗತಿಗಳನ್ನಿಟ್ಟುಕೊಂಡು ಲೆಕ್ಕ ಮಾಡುವ, ವಾಕ್ಯ ಕಟ್ಟುವ ಮನಸ್ಸಿನ ಭಾಗ ಅದು. ಅದನ್ನು ಒಂದು ಪುಟ್ಟ ಸ್ಲೇಟಿಗೆ ಹೋಲಿಸಬಹುದು. ಅದರ ಮೇಲೆ ಕೆಲವೇ ಅಂಶಗಳನ್ನು ಬರೆಯಲು ಸ್ಥಳವಿದೆ. ಚಿಕ್ಕ ಮಕ್ಕಳ ಸ್ಲೇಟು ಇನ್ನೂ ಚಿಕ್ಕದು. ‘ತಪ್ಪಾದರೆ ಅಪ್ಪ ಏನೆನ್ನುವರು? ಪಕ್ಕದವನು ಆಗಲೇ ಪುಟ ತಿರುಗಿಸಿದನಲ್ಲ!’ ಎಂಬ ಚಿಂತೆಗಳು ಆ ಸ್ಲೇಟಿನ ಅರ್ಧವನ್ನು ತುಂಬಿದರೆ, ಕೈಲಿ ಮೂರು ಇಟ್ಟುಕೊಂಡು ಮುಂದಿನ ಸ್ಥಾನಕ್ಕೆ ಕೂಡುವುದಕ್ಕೆ ಜಾಗವೆಲ್ಲಿ? ೧೯೬೭ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬ ವಿದ್ವಾಂಸರು ಪರೀಕ್ಷೆಯ ಅಂಜಿಕೆಯಲ್ಲಿ ಎರಡು ಎಳೆಗಳನ್ನು ಬಿಡಿಸಿ ತೋರಿಸಿದರು. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಒಂದು ಎಳೆ. ಏನಾಗುವುದೋ ಎಂಬ ಕೊರಗು ಮತ್ತೊಂದು ಎಳೆ. ಉತ್ತರಗಳನ್ನು ಕೆಡಿಸುವುದು ಮುಖ್ಯವಾಗಿ ಈ ಎರಡನೆಯದು. ಬೆವರುವ ಅಂಗೈಯಿಂದ ಒಳ್ಳೆಯ ಉತ್ತರವನ್ನು ಬರೆಯಬಹುದು. ಕೊರಗುವ ಮನಸ್ಸಿನಿಂದ ಬರೆಯುವುದು ಕಷ್ಟ.

ಹಾಗಾದರೆ ಅಂಜಿಕೆ ಸ್ವಲ್ಪವೂ ಇರಕೂಡದೆ? ‘ಹೆದರಿಕೆ ಇಲ್ಲದಿದ್ದರೆ ಹುಡುಗರು ಓದುತ್ತಾರೆಯೇ?’ ಎಂದು ಹಿರಿಯರು ಕೇಳುವುದುಂಟು. ಈ ಪ್ರಶ್ನೆಯಲ್ಲಿ ಅಷ್ಟಿಷ್ಟು ಹುರುಳಿದೆ. ೧೯೦೮ರಲ್ಲಿ ಯರ್ಕೀಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಬಿಳಿಯ ಪೆಟ್ಟಿಗೆಗೂ ಕರಿಯ ಪೆಟ್ಟಿಗೆಗೂ ಇರುವ ಭೇದವನ್ನು ಇಲಿಗಳು ಕಲಿಯಬೇಕು. ತಪ್ಪಿದರೆ ಸಣ್ಣ ವಿದ್ಯುದಾಘಾತ. ಭೇದ ಸ್ಪಷ್ಟವಾಗಿದ್ದಾಗ ಆಘಾತ ಹೆಚ್ಚಾದಷ್ಟೂ ಇಲಿಗಳು ಬೇಗ ಕಲಿತುವು. ಬೆಳಕನ್ನು ಕುಗ್ಗಿಸಿ ಭೇದವನ್ನು ಸೂಕ್ಷ್ಮಗೊಳಿಸಿದಾಗ ಮಾತ್ರ ಲೆಕ್ಕ ತಿರುಗುಮುರುಗಾಯಿತು: ಮಿತವಾದ ಆಘಾತ ಕಲಿಸಿತು, ತೀವ್ರವಾದ ಆಘಾತ ಕಲಿಕೆಯನ್ನು ಕೆಡಿಸಿತು. ಇಲಿಗಳಿಂದ ಮಕ್ಕಳಿಗೆ ನೇರವಾಗಿ ಜಿಗಿಯುವುದು ವಿವೇಕವಲ್ಲ. ಆದರೂ ಈ ಮಾತನ್ನು ನಮ್ಮ ಅನುಭವವೂ ಒಪ್ಪುತ್ತದೆ. ಕಸ ಗುಡಿಸು ಎಂದು ಗದರಿದರೆ ಕಸ ಬೇಗ ಗುಡಿಸಲ್ಪಡಬಹುದು. ಭಿನ್ನರಾಶಿ ಅರ್ಥಮಾಡಿಕೋ ಎಂದು ಗದರಿದರೆ ಅರ್ಥವಾಗುವುದಿಲ್ಲ. ಹೊಸತಾಗಿ ಅಕ್ಷರ ಕೂಡಿಸಿ ಓದುತ್ತಿರುವ ಮಗುವಿಗೆ, ನಮಗೆ ಹಗುರವೆನಿಸುವ ಪ್ರತಿಯೊಂದು ಕೆಲಸವೂ ಸೂಕ್ಷ್ಮವಾದ ಕೆಲಸವೇ.

ಭಯದಿಂದಾಗುವ ಹಾನಿ ಮಗುವಿಗಷ್ಟೇ ಅಲ್ಲ, ಪರೀಕ್ಷೆಗೂ ಹಾನಿಯೇ. ಪರೀಕ್ಷೆಯೆಂಬ ಪದವನ್ನು ಬಿಡಿಸಿದರೆ ‘ಸುತ್ತಲೂ ನೋಡುವುದು’ ಎಂಬ ಅರ್ಥ ಬರುತ್ತದೆ. ಮಗುವಿಗೆ ಏನು ಬಂದಿದೆ, ಏನು ಬಂದಿಲ್ಲವೆಂದು ನೋಡಿ ಮುಂದಿನ ಪಾಠವನ್ನು ಗೊತ್ತುಮಾಡಿಕೊಳ್ಳುವುದು ಅದರ ಉದ್ದೇಶ. ಜ್ವರಮಾಪಕವನ್ನು ಕಂಡೊಡನೆಯೇ ಮೈ ಕಾಯುವಂತಿದ್ದರೆ ಆ ಜ್ವರಮಾಪಕದಿಂದ ವೈದ್ಯನಿಗೇನು ಪ್ರಯೋಜನ? ಹೆದರಿದ ಮಗುವಿನ ಉತ್ತರಪತ್ರಿಕೆಯೂ ಹಾಗೆಯೇ. ಅದರಲ್ಲಿ ಅಳೆದಿರುವುದು ಮಗ್ಗಿಯ ಜ್ಞಾನವನ್ನೋ, ಎದೆಯ ನಡುಕವನ್ನೋ ಎಂದು ಹೇಳುವಂತಿಲ್ಲ. ಇದನ್ನು ಮೊದಲಿಗರೇ ಅರಿತಿದ್ದರು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ೧೯೦೫ರಲ್ಲಿ ಥಿಯೊಡೋರ್ ಸಿಮೋನನೊಡನೆ ಬುದ್ಧಿಪರೀಕ್ಷೆಯನ್ನು ರಚಿಸಿದುದು ಮಕ್ಕಳಿಗೆ ಪದವಿ ಹಂಚುವುದಕ್ಕಲ್ಲ. ಯಾವ ಮಕ್ಕಳಿಗೆ ವಿಶೇಷ ಸಹಾಯ ಬೇಕೆಂಬುದನ್ನು ಕಂಡುಕೊಳ್ಳುವುದಕ್ಕೆ. ಪರೀಕ್ಷಿಸುವವನು ಮೊದಲು ಮಗುವಿನ ಅಂಜಿಕೆಯನ್ನು ಕಳೆದು, ಸ್ನೇಹದಿಂದ ಮಾತನಾಡಿಸಬೇಕೆಂದು ಅವನು ಒತ್ತಿಹೇಳಿದ್ದನು. ಆ ಉಪಕರಣವನ್ನು ತೀರ್ಪಿನ ಕತ್ತಿಯಾಗಿ ಮಾಡಿದವರು ಹಿಂದಿನಿಂದ ಬಂದವರು.

ಇಷ್ಟು ಹೇಳಿದ ಮೇಲೆ, ಚಿಕ್ಕ ಮಕ್ಕಳಿಗೆ ಪರೀಕ್ಷೆಗಳೇ ಬೇಡವೆಂದು ನಾನು ವಾದಿಸುವೆನೆಂದು ಓದುಗರು ನಿರೀಕ್ಷಿಸಬಹುದು. ನನ್ನ ಮತ ಅದಲ್ಲ. ಪ್ರಶ್ನೆ ಕೇಳಿ ಉತ್ತರ ಹೇಳಿಸುವುದು ಕಲಿಕೆಯ ಅತ್ಯುತ್ತಮ ಸಾಧನಗಳಲ್ಲೊಂದು. ನಮ್ಮ ನಾಡಿನ ಹಳೆಯ ಕೂಲಿಮಠಗಳ ಅಯ್ಯಗಳು ಇದನ್ನು ಬಲ್ಲವರಾಗಿದ್ದರು. ಮರಳಿನ ಮೇಲೆ ತಿದ್ದಿಸಿ, ದಿನವೂ ಮಗ್ಗಿಯನ್ನು ಪುಸ್ತಕವಿಲ್ಲದೆ ಒಪ್ಪಿಸಿಕೊಳ್ಳುತ್ತಿದ್ದರು. ಒಪ್ಪಿಸಿಕೊಂಡದ್ದು ಸರಿಯಾದ ಮನಶ್ಶಾಸ್ತ್ರ. ಕೈಲಿ ಹಿಡಿದ ಬೆತ್ತ ತಪ್ಪು ಮನಶ್ಶಾಸ್ತ್ರ. ನಾವು ಕಾಲಕ್ರಮದಲ್ಲಿ ಬೆತ್ತವನ್ನು ಕಾನೂನಿನಿಂದ ಬಿಡಿಸಿದೆವು. ಅದರ ಸ್ಥಾನದಲ್ಲಿ ಅಂಕಪಟ್ಟಿಯನ್ನು ಹಿಡಿದೆವು. ಒಪ್ಪಿಸುವ ಅಭ್ಯಾಸವನ್ನು ಮಾತ್ರ ಮರೆತು, ಒಂದೇ ಪುಟವನ್ನು ಹತ್ತು ಸಲ ಓದಿಸುವುದನ್ನೇ ಅಭ್ಯಾಸವೆಂದು ಕರೆದೆವು.

ಹತ್ತು ಸಲ ಓದುವುದು ಎಷ್ಟು ದುರ್ಬಲವಾದ ಉಪಾಯವೆಂಬುದಕ್ಕೆ ಪ್ರಯೋಗಗಳ ಸಾಕ್ಷ್ಯವಿದೆ. ೧೯೩೯ರಲ್ಲಿ ಸ್ಪಿಟ್ಸರ್ ಎಂಬುವನು ಅಮೆರಿಕದ ಅಯೋವ ಸಂಸ್ಥಾನದಲ್ಲಿ ಆರನೆಯ ತರಗತಿಯ ೩೬೦೫ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದನು. ಮಕ್ಕಳಿಗೆ ಒಂದು ಚಿಕ್ಕ ಲೇಖನವನ್ನು ಓದಲು ಕೊಟ್ಟರು. ಕೆಲವರಿಗೆ ಓದಿದ ಕೂಡಲೇ ಪ್ರಶ್ನೆಗಳನ್ನು ಕೇಳಿದರು. ಇತರರಿಗೆ ಹಲವು ದಿನಗಳ ಅನಂತರವೇ ಕೇಳಿದರು. ಕೂಡಲೇ ಪ್ರಶ್ನೆಗಳನ್ನೆದುರಿಸಿದ ಮಕ್ಕಳು ವಾರಗಳ ಮೇಲೆಯೂ ಹೆಚ್ಚು ಸಂಗತಿಗಳನ್ನು ನೆನಪಿಟ್ಟುಕೊಂಡಿದ್ದರು. ಪ್ರಶ್ನೆ ಕೇಳಿದ್ದೇ ಪಾಠವಾಗಿ ಪರಿಣಮಿಸಿತ್ತು.

ಈ ಮಾತು ಬಹುಕಾಲ ಗ್ರಂಥಾಲಯದ ಧೂಳಿನಲ್ಲಿ ಬಿದ್ದಿದ್ದು, ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರಿಂದ ಮತ್ತೆ ಬೆಳಕಿಗೆ ಬಂದಿತು. ಅವರು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪಿಗೆ ಒಂದೇ ಅವಧಿ ಓದಿಸಿ, ಉಳಿದ ಮೂರು ಅವಧಿಗಳಲ್ಲಿ ನೆನಪಿನಿಂದ ಬರೆಯಿಸಿದರು. ಐದು ನಿಮಿಷಗಳ ಅನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ ೮೩ ಪಾಲು ನೆನಪಿತ್ತು, ಬರೆದವರಿಗೆ ೭೧. ಒಂದು ವಾರದ ಅನಂತರ ಕೇಳಿದಾಗ ಓದಿದವರಿಗೆ ಉಳಿದದ್ದು ೪೦, ಬರೆದವರಿಗೆ ೬೧. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವಿ ತಿರುವಿ ‘ಎಲ್ಲವೂ ಬರುತ್ತದೆ’ ಎಂದು ನಂಬುವ ನಮ್ಮ ವಿದ್ಯಾರ್ಥಿಗಳು ಈ ನಾಲ್ಕು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಆದ್ದರಿಂದ ಬೇಕಾದುದು ಪರೀಕ್ಷೆಯ ನಾಶವಲ್ಲ. ಪರೀಕ್ಷೆಯನ್ನು ಮತ್ತೆ ಒಗಟಿನ ಹತ್ತಿರಕ್ಕೆ ತರುವುದು. ಸಣ್ಣದಾಗಿ, ಪದೇ ಪದೇ, ಅಂಕವಿಲ್ಲದೆ, ತಪ್ಪಿದರೆ ಉತ್ತರ ಕೂಡಲೇ ದೊರೆಯುವಂತೆ ನಡೆದರೆ ಅದು ಮಗುವಿಗೆ ಮಿತ್ರ. ವರ್ಷಕ್ಕೊಮ್ಮೆ, ದೊಡ್ಡದಾಗಿ, ಅಪರಿಚಿತರ ಮುಂದೆ, ಪಾಸು ನಪಾಸುಗಳ ತೀರ್ಪಿನೊಡನೆ ನಡೆದರೆ ಅದೇ ಗುಮ್ಮ.

ದುರ್ದೈವದಿಂದ ಈ ಭೇದವನ್ನು ನಮ್ಮ ನಾಡು ಇತ್ತೀಚೆಗೆ ಬಹು ಕಷ್ಟದಿಂದ ಕಲಿಯಬೇಕಾಯಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ, ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಬೇಕೆಂಬ ಮಾತಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲವೆಂಬ ವಿಧಿಯೂ ಇದೆ. ೨೦೧೯ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಕ್ರಮಬದ್ಧವಾದ ಪರೀಕ್ಷೆಗೆ ಅವಕಾಶ ಕೊಟ್ಟಿತು. ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂಬ ವಿವಾದ ಕರ್ನಾಟಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ೨೦೨೪ರ ಮಾರ್ಚ್ ೧೧ರಂದು ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಆರಂಭವಾಯಿತು. ಮರುದಿನವೇ ಸರ್ವೋಚ್ಚ ನ್ಯಾಯಾಲಯ ತಡೆಯಿತು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಅನುಮತಿಯ ಮೇಲೆ ೨೫ರಿಂದ ಉಳಿದ ವಿಷಯಗಳ ಪರೀಕ್ಷೆ ನಡೆಯಿತು. ಏಪ್ರಿಲ್ ೮ರಂದು ಫಲಿತಾಂಶಕ್ಕೆ ಮತ್ತೆ ಸರ್ವೋಚ್ಚ ನ್ಯಾಯಾಲಯದ ತಡೆ ಬಂದಿತು. ಯಾವ ಪಕ್ಷದ ವಾದ ಕಾನೂನಿನ ದೃಷ್ಟಿಯಿಂದ ಸರಿಯೆಂಬುದು ನ್ಯಾಯಾಧೀಶರಿಗೆ ಸೇರಿದ ಮಾತು. ನನಗೆ ಕಾಣುವುದು ಹತ್ತು ವರ್ಷದ ಮಗು. ಪರೀಕ್ಷೆ ಇದೆಯಂತೆ, ಇಲ್ಲವಂತೆ, ಮತ್ತೆ ಇದೆಯಂತೆ ಎಂಬ ಸುದ್ದಿಗಳ ನಡುವೆ ಪುಸ್ತಕವನ್ನು ತೆರೆದು ಮುಚ್ಚಿ ತೆರೆದ ಆ ಮಗುವಿಗೆ, ತಾನು ಬರೆದ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಆ ವಾರಗಳಲ್ಲಿ ತಿಳಿಯಲೇ ಇಲ್ಲ. ಒಗಟು ಹಾಕಿ, ಉತ್ತರ ಹೇಳದೆ ಎದ್ದುಹೋದಂತಾಯಿತು.

ಇದಕ್ಕೆ ಎದುರು ವಾದವುಂಟು, ಅದು ಬಲವಾದ ವಾದ. ‘ಪರೀಕ್ಷೆಯನ್ನು ಸಡಿಲಿಸಿದ್ದರಿಂದಲೇ ಮಕ್ಕಳು ಕಲಿಯದೆ ಮುಂದೆ ಹೋಗುತ್ತಿದ್ದಾರೆ. ಐದನೆಯ ತರಗತಿಗೆ ಬಂದವರಿಗೆ ಎರಡನೆಯ ತರಗತಿಯ ಪಾಠ ಓದಲು ಬಾರದು’ ಎಂದು ಅನೇಕರು ಹೇಳುತ್ತಾರೆ. ಈ ಮಾತಿನ ಉತ್ತರಾರ್ಧ ನಿಜ. ಪ್ರಥಮ್ ಸಂಸ್ಥೆ ೨೦೦೫ರಿಂದ ಹೊರತರುತ್ತಿರುವ ‘ಅಸರ್’ ವರದಿಗಳ ಪ್ರಕಾರ, ಭಾರತದ ಹಳ್ಳಿಗಳಲ್ಲಿ ಐದನೆಯ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಸರಾಗವಾಗಿ ಓದಲಾರರು. ಇದು ತಲೆತಗ್ಗಿಸಬೇಕಾದ ಸಂಗತಿಯೇ ಸರಿ. ಆದರೆ ಈ ಸಂಗತಿ ನಮಗೆ ತಿಳಿದುಬಂದುದು ಹೇಗೆ? ಬೋರ್ಡ್ ಪರೀಕ್ಷೆಯಿಂದಲ್ಲ. ಸ್ವಯಂಸೇವಕರು ಮನೆಯ ಬಾಗಿಲಿಗೇ ಹೋಗಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಾಳೆಯನ್ನು ಕೊಟ್ಟು ಓದಿಸುತ್ತಾರೆ. ನಾಲ್ಕಾರು ವಾಕ್ಯಗಳ ಸುಲಭವಾದ ಭಾಗದಿಂದ ಮೊದಲು. ಅದು ಬಂದರೆ ಕಥೆ. ಬಾರದಿದ್ದರೆ ಬಿಡಿ ಪದ, ಆಮೇಲೆ ಅಕ್ಷರ. ಮಗುವಿಗೆ ಅಂಕವಿಲ್ಲ, ತರಗತಿಯಲ್ಲಿ ಹೆಸರು ಕೂಗುವುದಿಲ್ಲ, ಪಾಸು ನಪಾಸುಗಳ ಮಾತಿಲ್ಲ. ಹೆದರಿಸದ ಪರೀಕ್ಷೆಯೇ ನಿಜವನ್ನು ಹೇಳಿತು! ಆ ಸ್ವಯಂಸೇವಕರಲ್ಲಿ ಅನೇಕರು ಕಾಲೇಜು ವಿದ್ಯಾರ್ಥಿಗಳೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಇದರಿಂದ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಕಾಯಿದೆಗಳನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ನಲವತ್ತು ಐವತ್ತು ಮಕ್ಕಳ ತರಗತಿಯನ್ನು ನಡೆಸುವ ಉಪಾಧ್ಯಾಯರಿಗೆ ಒಬ್ಬೊಬ್ಬರ ಅಂಜಿಕೆಯನ್ನೂ ವಿಚಾರಿಸಲು ಬಿಡುವಿಲ್ಲ. ತಂದೆತಾಯಿಗಳು ಪರೀಕ್ಷೆ ಬರೆದು ಬಹುಕಾಲವಾಗಿದೆ. ಅವರಿಗೆ ಫಲಿತಾಂಶ ನೆನಪಿದೆ, ಹೊಟ್ಟೆ ತೊಳಸಿದ್ದು ಮರೆತಿದೆ. ಪ್ರೌಢಶಾಲೆಯ, ಕಾಲೇಜಿನ ವಿದ್ಯಾರ್ಥಿಗಳಾದ ನೀವಾದರೋ ಆ ದಾರಿಯನ್ನು ಈಗತಾನೆ ದಾಟಿದವರು, ಈಗಲೂ ನಡೆಯುತ್ತಿರುವವರು. ಮನೆಯ ತಮ್ಮ ತಂಗಿಯರಿಗೆ, ಪಕ್ಕದ ಮನೆಯ ಹುಡುಗನಿಗೆ ನಿಮ್ಮಷ್ಟು ಹತ್ತಿರದ ದೊಡ್ಡವರು ಬೇರೆ ಯಾರೂ ಇಲ್ಲ. ದಿನಕ್ಕೆ ಕಾಲುಗಂಟೆ ನಿಮ್ಮಿಂದ ಸಾಧ್ಯವೆ?

ಸಾಧ್ಯವಾದರೆ, ಮೊದಲು ಮಗುವಿನ ಮಾತನ್ನು ಕೇಳಿರಿ. “ಹೆದರಬೇಡ” ಎಂಬ ಉಪದೇಶದಿಂದ ಯಾರ ಹೆದರಿಕೆಯೂ ಹೋದುದಿಲ್ಲ. “ಏನಾದೀತೆಂದು ಹೆದರುತ್ತೀಯೆ?” ಎಂದು ಕೇಳಿದರೆ, ನಾವು ಊಹಿಸದ ಉತ್ತರ ಬರುವುದುಂಟು. ಒಂದು ಮಗುವಿಗೆ ಪಾಠದ ಭಯವೇ ಇಲ್ಲದಿರಬಹುದು. ಸಮಯ ಮುಗಿದೊಡನೆ ಕಾಗದವನ್ನು ಕಸಿದುಕೊಳ್ಳುವರೆಂಬ ಭಯ, ಪರೀಕ್ಷೆಯ ನಡುವೆ ಹೊರಗೆ ಹೋಗಬೇಕೆಂದು ಕೇಳಲು ನಾಚಿಕೆ — ಇಂತಹವು ಇರಬಹುದು. ಇವುಗಳಿಗೆ ಪರಿಹಾರ ಬಹು ಸುಲಭ. ಮನೆಯ ನಡುಮನೆಯಲ್ಲಿಯೇ ಗಡಿಯಾರವಿಟ್ಟು, ಐದು ಪ್ರಶ್ನೆಗಳ ಕಾಗದ ಕೊಟ್ಟು, ಪರೀಕ್ಷೆಯ ಆಟ ಆಡಿಸಿರಿ. ಮೊದಲನೆಯ ಪ್ರಶ್ನೆ ಬಾರದಿದ್ದರೆ ಎರಡನೆಯದಕ್ಕೆ ಹೋಗಬಹುದೆಂಬ ಸರಳವಾದ ಸಂಗತಿಯೂ ಎಷ್ಟೋ ಮಕ್ಕಳಿಗೆ ತಿಳಿದಿರುವುದಿಲ್ಲ. ಕಂಡ ಹುಲಿಗಿಂತ ಕಾಣದ ಹುಲಿ ದೊಡ್ಡದು; ಪರೀಕ್ಷೆಯ ಆಕಾರ ಪರಿಚಿತವಾದರೆ ಅರ್ಧ ಭಯ ಇಳಿಯುತ್ತದೆ.

ಎರಡನೆಯದಾಗಿ, ಪುಸ್ತಕವನ್ನು ಮುಚ್ಚಿ ಕೇಳಿರಿ. ಒಂದು ಪುಟ ಓದಿಸಿ, ಮುಚ್ಚಿ, “ಇದರಲ್ಲಿ ಏನಿತ್ತು?” ಎಂದು ಕೇಳಿರಿ. ತಪ್ಪಿದರೆ ಉತ್ತರವನ್ನು ಹೇಳಿಬಿಡಿ, ಗದರಬೇಡಿ, ಲೆಕ್ಕ ಇಡಬೇಡಿ. ಅದೇ ಪ್ರಶ್ನೆಯನ್ನು ನಾಡಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ ಕೇಳಿರಿ. ನಡುನಡುವೆ ಪಾತ್ರ ಬದಲಾಯಿಸಿರಿ: ಮಗು ಮೇಷ್ಟರಾಗಲಿ, ನೀವು ವಿದ್ಯಾರ್ಥಿಯಾಗಿರಿ, ಬೇಕೆಂದೇ ಒಂದು ತಪ್ಪು ಉತ್ತರ ಹೇಳಿರಿ. ನಿಮ್ಮ ತಪ್ಪನ್ನು ತಿದ್ದುವಾಗ ಮಗುವಿನ ಮುಖವನ್ನು ನೋಡಬೇಕು! ದೊಡ್ಡವರೂ ತಪ್ಪುವರು, ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬ ಪಾಠ ಅಲ್ಲಿ ಮಾತಿಲ್ಲದೆ ನಡೆಯುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು, ವಿಜ್ಞಾನದ ವಿದ್ಯಾರ್ಥಿಗಳಿಗೆ ಸಲ್ಲತಕ್ಕದ್ದು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಕೊರಗುಗಳನ್ನು ಕಾಗದದ ಮೇಲೆ ಬರೆದವರು ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು ೨೦೧೧ರಲ್ಲಿ ರಮೀರೆಜ್ ಮತ್ತು ಬೈಲಾಕ್ ಪ್ರಕಟಿಸಿದರು. ಈ ಉಪಾಯ ಬಹು ಜನಪ್ರಿಯವಾಯಿತು. ಅದೇ ವರ್ಷ ಕಾರ್ಪಿಕಿ ಮತ್ತು ಬ್ಲಂಟ್ ಎಂಬುವರು ನೆನಪಿನಿಂದ ಉತ್ತರಿಸುವ ಅಭ್ಯಾಸದ ಮೇಲ್ಮೆಯನ್ನು ಮತ್ತೊಮ್ಮೆ ತೋರಿಸಿದರು. ೨೦೧೮ರಲ್ಲಿ ಹಲವು ಪ್ರಸಿದ್ಧ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ, ಕೊರಗು ಬರೆಯುವ ಪ್ರಯೋಗದ ಫಲ ಮರಳಿ ಕಾಣಲಿಲ್ಲ. ನೆನಪಿನ ಅಭ್ಯಾಸದ ಫಲ ಮರಳಿ ಕಂಡಿತು. ಮಗುವಿನ ಕೊರಗನ್ನು ಕೇಳುವುದು ಮನುಷ್ಯತ್ವ, ಅದನ್ನು ಬಿಡಬಾರದು. ಆದರೆ ಅದನ್ನು ಮಂತ್ರವೆಂದು ನಂಬಬಾರದು. ಗಟ್ಟಿಯಾದ ಧೈರ್ಯ ಹುಟ್ಟುವುದು ‘ನನಗೆ ಇದು ಬರುತ್ತದೆ, ನಿನ್ನೆಯೂ ಪುಸ್ತಕ ನೋಡದೆ ಹೇಳಿದೆ’ ಎಂಬ ಅನುಭವದಿಂದ.

ಮೂರನೆಯದಾಗಿ, ಮಗು ಮನೆಗೆ ಬಂದಾಗ ಆಡುವ ಮೊದಲ ಮಾತು. “ಎಷ್ಟು ಬಂತು? ಪಕ್ಕದ ಮನೆಯವನಿಗೆ ಎಷ್ಟು?” ಎಂಬ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಮನೆಯಿಂದ ಗಡೀಪಾರು ಮಾಡಿ ನೋಡಿರಿ. “ಯಾವ ಪ್ರಶ್ನೆ ಸ್ವಾರಸ್ಯವಾಗಿತ್ತು? ಯಾವುದು ತೊಡಕಾಯಿತು?” ಎಂದು ಕೇಳಿರಿ. ತಿದ್ದಿದ ಕಾಗದ ಬಂದಾಗ ಮೇಲಿನ ಅಂಕವನ್ನು ಬೆರಳಿನಿಂದ ಮುಚ್ಚಿ, ತಪ್ಪಾದ ಉತ್ತರಗಳನ್ನು ಇಬ್ಬರೂ ಕೂಡಿ ಬಿಡಿಸಿರಿ. ಪರೀಕ್ಷೆಯ ನಿಜವಾದ ಬೆಲೆ ಇರುವುದು ಆ ತಪ್ಪುಗಳಲ್ಲಿಯೇ. ಹೊಗಳುವಾಗಲೂ ಜೋಕೆಯಿರಲಿ. ಮ್ಯುಲರ್ ಮತ್ತು ಡ್ವೆಕ್ ೧೯೯೮ರಲ್ಲಿ ಐದನೆಯ ತರಗತಿಯ ಮಕ್ಕಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡವರು, ಮುಂದೆ ಕಷ್ಟದ ಪ್ರಶ್ನೆಗಳಲ್ಲಿ ಸೋತಾಗ ಬೇಗ ಎದೆಗುಂದಿದರು. ತಮ್ಮ ಅಂಕಗಳ ವಿಷಯದಲ್ಲಿ ಸುಳ್ಳು ಹೇಳಿದವರೂ ಅವರಲ್ಲಿಯೇ ಹೆಚ್ಚು. ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಹೊಗಳಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. ಬುದ್ಧಿವಂತನೆಂಬ ಬಿರುದನ್ನು ಹೊತ್ತವನಿಗೆ ಪ್ರತಿಯೊಂದು ಪರೀಕ್ಷೆಯೂ ಬಿರುದು ಕಳೆದುಕೊಳ್ಳುವ ಅಪಾಯವೇ ಅಲ್ಲವೆ?

ಉಳಿದ ಮಾತುಗಳು ಎಲ್ಲರೂ ಬಲ್ಲವು: ಹಿಂದಿನ ರಾತ್ರಿ ತುಂಬ ನಿದ್ರೆ, ಬೆಳಗ್ಗೆ ಹಿತವಾದ ತಿಂಡಿ, ಹೊರಡುವಾಗ ಗಡಿಬಿಡಿಯಿಲ್ಲದಿರುವುದು. ಇಷ್ಟು ಮಾಡಿದರೂ ಮಗು ವಾರಗಟ್ಟಲೆ ನಿದ್ರೆಗೆಟ್ಟರೆ, ಊಟ ಬಿಟ್ಟರೆ, ಶಾಲೆಯೆಂದೊಡನೆ ಅತ್ತರೆ, ಅದು ಅಣ್ಣ ಅಕ್ಕಂದಿರ ಕೈಮೀರಿದ ಮಾತು. ಮನೆಯವರಿಗೂ ಉಪಾಧ್ಯಾಯರಿಗೂ ತಿಳಿಸಬೇಕು, ವೈದ್ಯರ ಸಲಹೆ ಪಡೆಯಬೇಕು. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಮೊದಲು ಹೇಳಿದ ಆ ಹುಡುಗಿಗೆ ಕಾಲೇಜಿನಲ್ಲಿ ಓದುವ ಅಣ್ಣನಿದ್ದಾನೆ. ಈಗ ಕೆಲವು ತಿಂಗಳುಗಳಿಂದ ಸಂಜೆಯ ಒಗಟಿನ ಹೊತ್ತಿನಲ್ಲಿ ಅವನೂ ಬಂದು ಕೂರುತ್ತಾನೆ. ಅಜ್ಜಿಯದು ಒಂದು ಒಗಟು, ಇವನದು ಮಗ್ಗಿಯದೋ ಪಾಠದ್ದೋ ಒಂದು ಪ್ರಶ್ನೆ. ಸೋತವರಿಗೆ ಉತ್ತರ ಹೇಳಿಕೊಡುವುದು ಎರಡಕ್ಕೂ ಸಮಾನವಾದ ನಿಯಮ. ಹುಡುಗಿಯ ಹೊಟ್ಟೆನೋವು ಪೂರ್ತಿಯಾಗಿ ಹೋಗಿದೆಯೆಂದು ನಾನು ಹೇಳಲಾರೆ. ಪರೀಕ್ಷೆಯ ದಿನ ಬೆಳಗ್ಗೆ ಈಗಲೂ ಒಂದಿಷ್ಟು ಇಣುಕುತ್ತದೆ. ಆದರೆ ಅವಳು ಎದ್ದು ಶಾಲೆಗೆ ಹೋಗುತ್ತಾಳೆ. ಹೋದ ಸಲ ಏಳೆಂಟಲ ಎಷ್ಟೆಂಬಲ್ಲಿ ತಪ್ಪಿ ಬಂದವಳು, ಚೀಲವಿಳಿಸುವ ಮುನ್ನವೇ, “ಅಣ್ಣ, ಒಂದು ಕಡೆ ಸೋತೆ, ಐವತ್ತಾರು ಅಲ್ಲವೆ?” ಎಂದು ಕೇಳಿದಳಂತೆ. ಅಂಕವೆಷ್ಟೆಂದು ಆ ಮನೆಯಲ್ಲಿ ಅಂದು ಯಾರೂ ಕೇಳಲಿಲ್ಲ.